ಮನೆಯ ಲೆಕ್ಕದಲ್ಲಿ ಮಗುವಿನ ಹೆಸರು

(ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ಅಕ್ಕ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ತಮ್ಮ ಕಬ್ಬು ಬೆಳೆಯುವ ರೈತ, ನಾಲ್ಕನೇ ತರಗತಿಯ ಹುಡುಗಿಯ ತಂದೆ. ಮಗಳು ಶಾಲೆಗೆ ಹೋಗಿರುವ ಹೊತ್ತು.)

ತಮ್ಮ: ನನ್ನ ಮಗಳಿಗೆ ಎಷ್ಟು ಬುದ್ಧಿ ಬಂದಿದೆ ಗೊತ್ತಾ ಅಕ್ಕ? ಶಾಲೆಯಿಂದ ಬೇಲೂರು, ಹಳೇಬೀಡಿಗೆ ಪ್ರವಾಸ ಇಟ್ಟಿದ್ದಾರೆ. ಕ್ಲಾಸಿನ ಮಕ್ಕಳೆಲ್ಲ ಹೆಸರು ಕೊಟ್ಟಿದ್ದಾರೆ. ಇವಳು ಮಾತ್ರ ‘ನಂಗೆ ಬಸ್ಸಲ್ಲಿ ವಾಂತಿ ಬರುತ್ತೆ, ನಾನು ಬರಲ್ಲ’ ಅಂತ ಟೀಚರಿಗೆ ಹೇಳಿ ಬಂದಿದ್ದಾಳೆ. ನಮ್ಮನ್ನ ಒಂದು ಮಾತೂ ಕೇಳಲಿಲ್ಲ. ಮನೆ ಕಷ್ಟ ಅರ್ಥ ಮಾಡ್ಕೊಂಡಿದ್ದಾಳೆ.

ಅಕ್ಕ: ಅವಳಿಗೆ ಬಸ್ಸಲ್ಲಿ ವಾಂತಿ ಬರುತ್ತಾ?

ತಮ್ಮ: ಎಲ್ಲಿಂದ ಬರುತ್ತೆ? ಮೈಸೂರಿಗೆ ಎಷ್ಟು ಸಲ ಕಿಟಕಿ ಪಕ್ಕ ಕೂತು ಹಾಡು ಹೇಳ್ಕೊಂಡು ಬಂದಿಲ್ಲ!

ಅಕ್ಕ: ಹಾಗಾದ್ರೆ ಒಂಬತ್ತು ವರ್ಷದ ಮಗು ಟೀಚರ ಮುಂದೆ ಸುಳ್ಳು ಹೇಳಿ ಅಪ್ಪನ ಮರ್ಯಾದೆ ಉಳಿಸಿದೆ. ನೀನು ಅದನ್ನ ಬುದ್ಧಿ ಅಂತೀಯ. ನನಗೆ ಅದರಲ್ಲಿ ಹೆದರಿಕೆ ಕಾಣುತ್ತೆ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳ ಜೊತೆ ಇದ್ದವಳು ನಾನು. ಬೇಕು ಅಂತ ಹಠ ಮಾಡೋ ಮಗುವಿನ ಬಗ್ಗೆ ನಾನು ಯಾವತ್ತೂ ಚಿಂತೆ ಮಾಡಿಲ್ಲ. ಏನನ್ನೂ ಕೇಳದೆ ಇರೋ ಮಗುವನ್ನ ಕಂಡಾಗ ಮಾತ್ರ ಆ ಮನೆಗೆ ಒಂದು ಸಲ ಹೋಗಿ ಬರಬೇಕು ಅನ್ನಿಸ್ತಿತ್ತು. ಅವಳ ಕಂಪಾಸ್ ಬಾಕ್ಸ್ ತೆಗೆದು ನೋಡಿದ್ದೀಯ?

ತಮ್ಮ: ಇಲ್ಲ. ಯಾಕೆ?

ಅಕ್ಕ: ಪೆನ್ಸಿಲ್ ಬೆರಳಿಗೆ ಸಿಗದಷ್ಟು ಸಣ್ಣದಾಗಿದೆ. ಹಳೇ ಪೆನ್ನಿನ ಕ್ಯಾಪು ಸಿಕ್ಕಿಸಿ ಉದ್ದ ಮಾಡ್ಕೊಂಡು ಬರೀತಿದ್ದಾಳೆ. ‘ಹೊಸದು ಕೊಡಿಸು ಅಂತ ಅಪ್ಪನ್ನ ಕೇಳಬಾರದಾ?’ ಅಂದೆ. ‘ಕಬ್ಬಿನ ದುಡ್ಡು ಬಂದ್ಮೇಲೆ ಕೇಳ್ತೀನಿ ಅತ್ತೆ’ ಅಂದಳು. ಪೆನ್ಸಿಲಿಗೂ ಕಬ್ಬಿನ ದುಡ್ಡಿಗೂ ಗಂಟು ಹಾಕಿದ್ದು ಯಾರು?

ತಮ್ಮ: ನಾವಂತೂ ಅವಳ ಮುಂದೆ ಸಾಲದ ಮಾತು ಎತ್ತಲ್ಲ. ರಾತ್ರಿ ಅವಳು ಮಲಗಿದ ಮೇಲೇ ನಾನು, ನಿನ್ನ ನಾದಿನಿ ಮಾತಾಡೋದು.

ಅಕ್ಕ: ಎರಡು ಅಂಕಣದ ಮನೇಲಿ ಮಲಗಿದ ಮಗುವಿಗೆ ಏನು ಕೇಳಲ್ಲ ಹೇಳು. ಅವಳಿಗೆ ಅಂಕಿ ಅರ್ಥ ಆಗಲ್ಲ, ದನಿ ಅರ್ಥ ಆಗುತ್ತೆ. ‘ಫೀಸು’, ‘ಯೂನಿಫಾರಂ’, ‘ಇವಳ ಖರ್ಚು’ ಅನ್ನೋ ಮಾತು ಬಂದಾಗಲೆಲ್ಲ ನಿಮ್ಮ ದನಿ ಏರುತ್ತೆ. ಅದನ್ನ ಅವಳು ಲೆಕ್ಕ ಹಾಕ್ತಾಳೆ. ಮನೆ ಕಷ್ಟಕ್ಕೆ ನಾನೇ ಕಾರಣ ಅನ್ನೋ ಉತ್ತರ ಬರುತ್ತೆ. ಇನ್ನೊಂದು ಮಾತು. ಮೈಕ್ರೋಫೈನಾನ್ಸ್ ಸಂಘದ ಕಂತು ಕೇಳೋಕೆ ಬಂದಾಗ ಬಾಗಿಲಿಗೆ ಹೋಗೋದು ಯಾರು?

ತಮ್ಮ: ಒಂದೊಂದು ಸಲ ಅವಳೇ ಹೋಗಿರಬಹುದು.

ಅಕ್ಕ: ಹೋದ ವಾರ ನಾನೇ ಕಣ್ಣಾರೆ ನೋಡಿದೆ. ‘ಅಮ್ಮ ಗದ್ದೆಗೆ ಹೋಗಿದ್ದಾಳೆ’ ಅಂತ ಹೊಸ್ತಿಲ ಮೇಲೆ ನಿಂತು ಹೇಳಿದಳು. ಅಮ್ಮ ಅಡುಗೆಮನೆ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಳು. ಅಪ್ಪಿತಪ್ಪಿ ಆ ಕಡೆ ಕಣ್ಣು ಹೋದ್ರೆ ಗುಟ್ಟು ರಟ್ಟಾಗುತ್ತೆ ಅಂತ ಮಗು ಕತ್ತು ಕೂಡ ತಿರುಗಿಸಲಿಲ್ಲ. ಬಂದವನು ಹೋದ ಮೇಲೆ ಚಿಲಕ ಹಾಕಿ ಎರಡು ಸಲ ಎಳೆದು ನೋಡಿದಳು. ಸಾಲ ತಗೊಂಡವರು ನೀವು, ಸಾಲ ಕೊಟ್ಟವರನ್ನ ಎದುರಿಸೋ ಕೆಲಸ ಅವಳದ್ದಾ?

ತಮ್ಮ: ಅವರು ಆಡೋ ಮಾತು ನಿನಗೆ ಗೊತ್ತಿಲ್ಲ ಅಕ್ಕ. ಬೀದಿ ಮಂದಿಗೆಲ್ಲ ಕೇಳೋ ಹಾಗೆ ಕೂಗಾಡ್ತಾರೆ. ಮಗು ಇದ್ರೆ ಸ್ವಲ್ಪ ತಗ್ಗಿ ಮಾತಾಡ್ತಾರೆ ಅಂತ...

ಅಕ್ಕ: ಮಗುವನ್ನ ಮುಂದೆ ನಿಲ್ಲಿಸಿ ನಾವು ಹಿಂದೆ ನಿಲ್ಲೋದಾ? ಕೂಗಾಡೋರಿಗೆ ಕಾನೂನಿನ ಮಾತು ಹೇಳು. ಸಂಘದ ಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಪೀಡಿಸೋ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮವೇ ಇದೆ. ಬೈಯೋ ಹಾಗಿಲ್ಲ, ಮನೆಮಂದಿಯನ್ನ, ನೆಂಟರನ್ನ ಕಾಡೋ ಹಾಗಿಲ್ಲ. ಒಂದು ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟೋ ಹಾಗೆ ಸಾಲ ಕೊಡಲೂಬಾರದು. ನಮ್ಮ ರಾಜ್ಯದಲ್ಲಂತೂ ಈ ಕಿರುಕುಳ ತಾಳಲಾರದೆ ಜನ ಊರು ಬಿಟ್ಟರು, ಪ್ರಾಣ ಕಳ್ಕೊಂಡರು. ಆಮೇಲೆ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿ ಮಾಡಿದ್ರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಬೆದರಿಕೆ ಹಾಕಿದ್ರೆ ಪೊಲೀಸ್ ಠಾಣೆಗೆ ಹೋಗು, ನಾನೂ ಬರ್ತೀನಿ. ಬಾಗಿಲಿಗೆ ಮಾತ್ರ ಇನ್ನು ನೀನು ಹೋಗು.

ತಮ್ಮ: ನಾನೇನು ಶೋಕಿಗೆ ಸಾಲ ಮಾಡಿದ್ನಾ? ಹನ್ನೆರಡು ತಿಂಗಳು ನೀರು ಕಟ್ಟಿ, ಗೊಬ್ಬರ ಹಾಕಿ, ಕಟಾವಿನವರ ಕೈಕಾಲು ಹಿಡಿದು ಕಬ್ಬು ಕಳಿಸ್ತೀನಿ. ಕಬ್ಬು ಸಾಗಿಸಿದ 14 ದಿನದೊಳಗೆ ದುಡ್ಡು ಕೊಡಬೇಕು, ತಡ ಆದ್ರೆ ವರ್ಷಕ್ಕೆ ಶೇಕಡ 15ರ ಬಡ್ಡಿ ಸೇರಿಸಿ ಕೊಡಬೇಕು ಅಂತ 1966ರ ಆದೇಶ ಇದೆಯಂತೆ. ನಮಗೆ ತಿಂಗಳುಗಟ್ಟಲೆ ಅಸಲೇ ಬರಲ್ಲ, ಬಡ್ಡಿ ಯಾರು ಕೇಳ್ತಾರೆ? ಅಷ್ಟರಲ್ಲಿ ಅಂಗಡಿ ಬಾಕಿ, ಟ್ರ್ಯಾಕ್ಟರ್ ಬಾಡಿಗೆ, ಒಡವೆ ಗಿರವಿ. ತಲೆ ಕೆಟ್ಟು ಹೋಗಿರುತ್ತೆ. ಆಗ ಮಗು ಬಂದು ‘ಅಪ್ಪಾ, ಇದು ನೋಡು’ ಅಂದ್ರೆ ರೇಗಿಬಿಡ್ತೀನಿ. ಅದು ನಂಗೂ ಗೊತ್ತು.

ಅಕ್ಕ: ನಿನ್ನ ಕಷ್ಟ ಸುಳ್ಳು ಅಂತ ನಾನೆಲ್ಲಿ ಅಂದೆ? ನಿನ್ನ ಹಾಗೆ ಕಬ್ಬು ಬೆಳೆಯೋರ ಮೇಲೇ ತಮಿಳುನಾಡಲ್ಲಿ ಒಂದು ಅಧ್ಯಯನ ನಡೀತು. ಆನಂದಿ ಮಣಿ, ಸೆಂದಿಲ್ ಮುಲೈನಾಥನ್, ಎಲ್ಡಾರ್ ಶಫೀರ್ ಮೊದಲಾದವರು ಮಾಡಿದ್ದು, 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಕಟಾವಿಗೆ ಮುಂಚೆ ಕೈ ಬರಿದಾಗಿದ್ದಾಗ ಒಂದು ಸಲ, ದುಡ್ಡು ಕೈಗೆ ಬಂದ ಮೇಲೆ ಇನ್ನೊಂದು ಸಲ, ಅದೇ ರೈತರಿಗೆ ಗಮನ, ಯೋಚನೆ ಅಳೆಯೋ ಪರೀಕ್ಷೆ ಕೊಟ್ಟರು. ಕಟಾವಾದ ಮೇಲೆ ಅದೇ ಮನುಷ್ಯ ಚೆನ್ನಾಗಿ ಮಾಡಿದ್ದ. ಕೈ ಬರಿದಾದಾಗ ಮನಸ್ಸೆಲ್ಲ ಆ ಚಿಂತೆಯೇ ತುಂಬ್ಕೊಂಡಿರುತ್ತೆ, ಬೇರೆಯದಕ್ಕೆ ಜಾಗ ಇರಲ್ಲ ಅಂತ ಅವರ ವಿವರಣೆ. ನೀನು ರೇಗೋದಕ್ಕೆ ಕಾರಣ ಇದೆ. ಆದ್ರೆ ಆ ಕಾರಣ ನಿನ್ನ ಮಗಳಿಗೆ ಗೊತ್ತಿಲ್ಲ. ಅವಳಿಗೆ ಕಾಣೋದು ನಿನ್ನ ಮುಖ ಒಂದೇ.

ತಮ್ಮ: ದುಡ್ಡು ಬಂದ್ರೆ ಮುಖ ತಾನಾಗೇ ಸರಿಹೋಗುತ್ತೆ.

ಅಕ್ಕ: ದುಡ್ಡು ಬರೋ ತನಕ ಮಗು ಬೆಳೆಯದೆ ನಿಂತಿರುತ್ತಾ? ಅಮೆರಿಕದ ಅಯೋವಾ ಅನ್ನೋ ರಾಜ್ಯದಲ್ಲೂ ನಮ್ಮ ಹಾಗೆ ಬೇಸಾಯ ಮುಖ್ಯ. 1980ರ ದಶಕದಲ್ಲಿ ಅಲ್ಲಿ ಜಮೀನಿನ ಬೆಲೆ ಕುಸಿದು, ಸಾಲ ತೀರಿಸಲಾರದೆ ಎಷ್ಟೋ ಮನೆಗಳು ಹೊಲ ಕಳ್ಕೊಂಡವು. ರ್‍ಯಾಂಡ್ ಕಾಂಗರ್ ಅನ್ನೋರು ತಮ್ಮ ಸಂಗಡಿಗರ ಜೊತೆ ಸೇರಿ ಅಲ್ಲಿನ ನೂರಾರು ಕುಟುಂಬಗಳನ್ನ ವರ್ಷಗಟ್ಟಲೆ ಗಮನಿಸಿದರು. ಅವರಿಗೆ ಕಂಡದ್ದು ಇದು: ದುಡ್ಡಿನ ಮುಗ್ಗಟ್ಟು ಮೊದಲು ಅಪ್ಪ, ಅಮ್ಮನ ಮನಸ್ಸನ್ನ ಹಿಡಿಯುತ್ತೆ. ಆಮೇಲೆ ಗಂಡ ಹೆಂಡತಿ ನಡುವೆ ಜಗಳ. ಆಮೇಲೆ ಮಕ್ಕಳ ಮೇಲೆ ಸಿಡುಕು, ಇಲ್ಲವೇ ಅವರ ಕಡೆ ಗಮನವೇ ಇಲ್ಲ. ಮಗುವಿಗೆ ಪೆಟ್ಟು ಬೀಳೋದು ಹೆಚ್ಚಾಗಿ ಆ ದಾರಿಯಲ್ಲಿ. ಸಾಲ ಇವತ್ತೇ ತೀರಿಸೋಕೆ ನಿನ್ನ ಕೈಲಾಗಲ್ಲ, ಒಪ್ಪಿದೆ. ಸಿಡುಕು ನಿನ್ನ ಕೈಲಿದೆ.

ತಮ್ಮ: ಕಷ್ಟ ಕಂಡ ಮಕ್ಕಳೇ ಗಟ್ಟಿ ಆಗೋದು ಅಂತ ನೀನೇ ಹೇಳ್ತಿದ್ದೆ. ನಾವಿಬ್ಬರೂ ಹಾಗೇ ಬೆಳೆದವರಲ್ವಾ?

ಅಕ್ಕ: ಈಗಲೂ ಹೇಳ್ತೀನಿ. 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಬೆಳೆದ ಮಕ್ಕಳ ಬದುಕನ್ನ ಗ್ಲೆನ್ ಎಲ್ಡರ್ ಅನ್ನೋ ಸಮಾಜಶಾಸ್ತ್ರಜ್ಞರು ಹಿಂಬಾಲಿಸಿ ನೋಡಿ 1974ರಲ್ಲಿ ಪುಸ್ತಕ ಬರೆದರು. ಮನೆಗೆಲಸಕ್ಕೆ, ಸಣ್ಣ ಸಂಪಾದನೆಗೆ ಕೈ ಹಚ್ಚಿದ ಮಕ್ಕಳಲ್ಲಿ ಅನೇಕರು ಜವಾಬ್ದಾರಿ ಕಲಿತು ಒಳ್ಳೆಯ ಬಾಳು ಬಾಳಿದರು ಅಂತ ಅದರಲ್ಲಿದೆ. ನಾವೂ ಹಸು ಕಟ್ಟಿದ್ದೀವಿ, ಹುಲ್ಲು ಹೊತ್ತಿದ್ದೀವಿ. ಕೆಲಸ ಮಾಡಿದ್ರೆ ಮುಗಿಯುತ್ತೆ, ‘ಭೇಷ್’ ಅನ್ನಿಸ್ಕೊಂಡು ಊಟಕ್ಕೆ ಕೂರಬಹುದು. ಚಿಂತೆ ಮುಗಿಯಲ್ಲ. ಮಗುವಿಗೆ ಅದರ ಶಕ್ತಿಗೆ ತಕ್ಕ ಕೆಲಸ ಕೊಡು, ಬೇಡ ಅನ್ನಲ್ಲ. ಸಾಲದ ಚಿಂತೆ ಕೊಡಬೇಡ.

ತಮ್ಮ: ಆಯ್ತು. ಆದ್ರೆ ನೀನು ಬಂದಾಗಿನಿಂದ ಕಷ್ಟದ ಜೊತೆಗೆ ‘ಆಸೆ’ ಅನ್ನೋ ಮಾತೂ ಸೇರಿಸ್ತಿದ್ದೀಯ. ನಮ್ಮದು ಕಷ್ಟ ಅಕ್ಕ. ಆಸೆಬುರುಕರು ಅಂತ ನಮ್ಮನ್ನ ಯಾರೂ ಅನ್ನಲಾರರು.

ಅಕ್ಕ: ನಾನು ಅನ್ನದೆ ಇನ್ಯಾರು ಅನ್ನಬೇಕು? ಗೊಬ್ಬರಕ್ಕೆ, ಅಮ್ಮನ ಆಪರೇಷನ್ನಿಗೆ ಮಾಡಿದ ಸಾಲ ಕಷ್ಟದ ಸಾಲ. ಮೈಸೂರಿನ ಹೊರಗೆ ಸೈಟಿಗೆ ಅಡ್ವಾನ್ಸ್ ಕೊಡೋಕೆ ನೂರಕ್ಕೆ ಮೂರರ ಬಡ್ಡಿಗೆ ಎರಡು ಲಕ್ಷ ತಂದೆಯಲ್ಲ, ಅದು ಯಾವ ಸಾಲ? ತಿಂಗಳಿಗೆ 6,000, ವರ್ಷಕ್ಕೆ 72,000 ಬರೀ ಬಡ್ಡಿ. ‘ಎರಡು ವರ್ಷದಲ್ಲಿ ಸೈಟಿನ ಬೆಲೆ ಎರಡರಷ್ಟಾಗುತ್ತೆ’ ಅಂತ ಯಾರೋ ಹೇಳಿದ ಮಾತಿಗೆ ತಂದ ಸಾಲ. ಮನೇಲಿ ಜಗಳ ಶುರುವಾಗಿದ್ದೂ ಆಮೇಲೇ ಅಲ್ವಾ?

ತಮ್ಮ: ಆ ಸೈಟು ಯಾರಿಗಾಗಿ ಅಕ್ಕ? ಮಗಳಿಗೇ ತಾನೆ!

ಅಕ್ಕ: ಅಲ್ಲೇ ನನಗೆ ನೋವಾಗೋದು. ದುರಾಸೆ ಯಾವ ಮನೆಗೂ ತನ್ನ ಹೆಸರು ಹೇಳ್ಕೊಂಡು ಬರಲ್ಲ. ‘ಮಕ್ಕಳಿಗೋಸ್ಕರ’ ಅಂತಲೇ ಒಳಗೆ ಬರುತ್ತೆ. ದಾಯಾದಿಗಳು ಒಂದು ಅಡಿ ಜಾಗಕ್ಕೆ ಇಪ್ಪತ್ತು ವರ್ಷ ಕೋರ್ಟು ಅಲೀತಾರೆ, ಕೇಳಿದ್ರೆ ಮಕ್ಕಳಿಗೋಸ್ಕರ. ಆ ಮಕ್ಕಳಿಗೆ ಮಾತ್ರ ಚಿಕ್ಕಪ್ಪನ ಮಕ್ಕಳ ಜೊತೆ ಆಡಬೇಡಿ ಅಂತ ಕಟ್ಟಪ್ಪಣೆ. ಅಜ್ಜಿ ಹತ್ರ ಮೊಮ್ಮಗುವನ್ನ ಕಳಿಸ್ತಾರೆ, ‘ಸರ ಯಾರಿಗೆ ಕೊಡ್ತಾಳಂತೆ, ಮೆಲ್ಲಗೆ ಕೇಳ್ಕೊಂಡು ಬಾ’ ಅಂತ ಹೇಳಿಕೊಟ್ಟು. ಕಥೆ ಕೇಳೋಕೆ ಅಜ್ಜಿ ತೊಡೆ ಮೇಲೆ ಕೂರಬೇಕಾದ ಮಗು ಬೇಹುಗಾರಿಕೆಗೆ ಕೂರುತ್ತೆ. ಪ್ರೀತಿ ಮಾಡೋದು ಏನಾದ್ರೂ ಕೀಳೋಕೆ ಅನ್ನೋ ಪಾಠ ಆ ಮಗುವಿಗೆ ಮನೇಲೇ ಆಯ್ತು.

ತಮ್ಮ: ನಮ್ಮ ಮನೇಲಿ ಅಷ್ಟಿಲ್ಲ.

ಅಕ್ಕ: ಇಲ್ಲ, ಇರೋದೂ ಬೇಡ. ಆದ್ರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನಾನು ನೋಡಿದ್ದೀನಿ. ನನ್ನ ಶಾಲೆಯಲ್ಲಿ ಐದನೇ ತರಗತಿಗೆ ಒಬ್ಬ ಹುಡುಗ ಬರ್ತಿದ್ದ. ಅಪ್ಪ, ಅಮ್ಮ ಇಬ್ಬರೂ ಅಪಘಾತದಲ್ಲಿ ಹೋಗಿದ್ದರು. ಪರಿಹಾರದ ದುಡ್ಡು ಬರುತ್ತೆ ಅನ್ನೋ ಸುದ್ದಿ ಬಂದಿದ್ದೇ ತಡ, ದೊಡ್ಡಪ್ಪನಿಗೂ ಸೋದರಮಾವನಿಗೂ ಅವನ ಮೇಲೆ ಎಲ್ಲಿಲ್ಲದ ಅಕ್ಕರೆ. ಒಬ್ಬರು ಹೊಸ ಬಟ್ಟೆ ತಂದರೆ ಇನ್ನೊಬ್ಬರು ಸೈಕಲ್ ತಂದರು. ಕೋರ್ಟು ಆ ದುಡ್ಡನ್ನ ಹುಡುಗನ ಹೆಸರಲ್ಲಿ, ಅವನಿಗೆ 18 ತುಂಬೋ ತನಕ ಬ್ಯಾಂಕಲ್ಲಿ ಠೇವಣಿ ಇಡಿಸ್ತು. ಈಗ ಕೈಗೆ ಸಿಗಲ್ಲ ಅಂತ ಗೊತ್ತಾದ ಮೇಲೆ ಇಬ್ಬರ ಮನೇಲೂ ಅವನಿಗೆ ತಟ್ಟೆ ಹಾಕೋಕೆ ಬೇಸರ. ಹುಡುಗ ದಿನಾ ತನ್ನ ಬಟ್ಟೆಯೆಲ್ಲ ಶಾಲೆ ಬ್ಯಾಗಲ್ಲೇ ತುಂಬ್ಕೊಂಡು ಬರ್ತಿದ್ದ. ಪುಸ್ತಕದ ಮಧ್ಯೆ ಒಂದು ಟವಲು, ಹಲ್ಲುಜ್ಜೋ ಬ್ರಷ್ಷು. ‘ಯಾಕೋ ಇದೆಲ್ಲ?’ ಅಂದ್ರೆ, ‘ಇವತ್ತು ಯಾರ ಮನೇಲಿ ಮಲಗಬೇಕೋ ಗೊತ್ತಿಲ್ಲ ಮಿಸ್’ ಅಂದ.

ತಮ್ಮ: ಅಯ್ಯೋ ಪಾಪ. ಆಮೇಲೆ?

ಅಕ್ಕ: ಮಕ್ಕಳ ಕಲ್ಯಾಣ ಸಮಿತಿಯವರಿಗೆ ತಿಳಿಸಿ ಹಾಸ್ಟೆಲ್ ಸೇರಿಸಿದ್ವಿ. ಆ ನೆಂಟರು ಅವನ ಜಮೀನನ್ನೂ ಮಾರಿಸೋಕೆ ಹೊರಟಿದ್ದರು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆ ಅಡ್ಡ ಬಂತು. ಅಪ್ರಾಪ್ತ ಮಗುವಿನ ಸ್ವಂತ ಸ್ಥಿರಾಸ್ತಿಯನ್ನ ಹೆತ್ತ ತಂದೆಯೇ ಆದ್ರೂ ಕೋರ್ಟಿನ ಅನುಮತಿ ಇಲ್ಲದೆ ಮಾರೋ ಹಾಗಿಲ್ಲ, ಅಡ ಇಡೋ ಹಾಗಿಲ್ಲ. ಹಾಗೂ ಮಾರಿದ್ರೆ, ಮಗು ದೊಡ್ಡವನಾದ ಮೇಲೆ ಮೂರು ವರ್ಷದೊಳಗೆ ಆ ಕ್ರಯ ರದ್ದು ಮಾಡಿಸಬಹುದು. ಕಾನೂನು ಅವನ ಜಮೀನು ಉಳಿಸ್ತು. ತನ್ನನ್ನ ಕರೆದು ತಲೆ ಸವರಿದವರೆಲ್ಲ ದುಡ್ಡಿಗೆ ಸವರಿದ್ದು ಅನ್ನೋದನ್ನ ಅವನ ಮನಸ್ಸಿಂದ ಯಾವ ಕಾನೂನು ತೆಗೆಯುತ್ತೆ? ಹಾಸ್ಟೆಲಿನ ಅಡುಗೆಯವರು ಒಂದು ದೋಸೆ ಹೆಚ್ಚು ಹಾಕಿದ್ರೂ ‘ಯಾಕೆ?’ ಅಂತ ಕೇಳ್ತಿದ್ದನಂತೆ.

ತಮ್ಮ: ಅದು ಹೊರಗಿನವರು ಮಾಡಿದ್ದು. ಹೆತ್ತವರು ಹಾಗೆ ಮಾಡ್ತಾರಾ?

ಅಕ್ಕ: ಹೆತ್ತವರೂ ಮಾಡಿದ್ದಾರೆ. ಚಾಪ್ಲಿನ್ ಜೊತೆ ‘ದಿ ಕಿಡ್’ ಚಿತ್ರದಲ್ಲಿ ಒಬ್ಬ ಪುಟ್ಟ ಹುಡುಗ ಇದ್ದಾನಲ್ಲ, ಜ್ಯಾಕಿ ಕೂಗನ್ ಅಂತ. 1921ರ ಚಿತ್ರ. ಇಡೀ ಜಗತ್ತು ಮುದ್ದು ಮಾಡಿದ ಮಗು, ಲಕ್ಷಾಂತರ ಡಾಲರ್ ದುಡಿದ. ದೊಡ್ಡವನಾಗಿ ಕೇಳಿದಾಗ ತಾಯಿ, ಮಲತಂದೆ ಎಲ್ಲಾ ಖರ್ಚು ಮಾಡಿ ಮುಗಿಸಿದ್ದರು. 1938ರಲ್ಲಿ ತಾಯಿ ಮೇಲೇ ದಾವೆ ಹೂಡಬೇಕಾಯ್ತು, ಸಿಕ್ಕಿದ್ದು ಒಂದು ಚೂರು. ಆಗಿನ ಕಾನೂನಿನಲ್ಲಿ ಮಗುವಿನ ದುಡಿಮೆ ಹೆತ್ತವರದೇ. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಗಳಿಕೆಯ ಒಂದು ಪಾಲನ್ನ ಅವರಿಗಾಗಿ ಎತ್ತಿಡಬೇಕು ಅನ್ನೋ ಕಾನೂನು ಬಂತು. ನಮ್ಮಲ್ಲೂ 2017ರ ನಿಯಮದ ಪ್ರಕಾರ ಬಾಲಕಲಾವಿದರ ಆದಾಯದಲ್ಲಿ ಕನಿಷ್ಠ ಶೇಕಡ 20ನ್ನ ಮಗುವಿನ ಹೆಸರಲ್ಲಿ ಬ್ಯಾಂಕಲ್ಲಿ ಠೇವಣಿ ಇಡಬೇಕು. ಆದ್ರೆ ಈಗ ಮನೆಮನೇಲೂ ಮೊಬೈಲ್ ಹಿಡಿದು ಮಗುವನ್ನ ಕುಣಿಸಿ ರೀಲ್ಸ್ ಮಾಡ್ತಾರೆ. ‘ಇನ್ನೊಂದು ಸಲ ನಗು, ಲೈಕ್ ಬರಲಿಲ್ಲ’ ಅಂತ ನಿದ್ದೆಗಣ್ಣಿನ ಮಗುವಿಗೆ ಗದರ್ತಾರೆ. ಅಲ್ಲಿಗೆ ಬಂದು ಯಾರು ಲೆಕ್ಕ ಕೇಳ್ತಾರೆ?

ತಮ್ಮ: ನಾನು ಮಗಳ ದುಡಿಮೆ ತಿನ್ನೋನಲ್ಲ ಅಕ್ಕ. ಡಾಕ್ಟರ್ ಓದಿಸಬೇಕು ಅಂತಿದ್ದೀನಿ. ಎಷ್ಟು ಲಕ್ಷ ಆದ್ರೂ ಸರಿ, ಸೈಟು ಮಾರಿ ಆದ್ರೂ ಓದಿಸ್ತೀನಿ.

ಅಕ್ಕ: ಓದಿಸು, ಸಂತೋಷ. ಆದ್ರೆ ‘ನಿನಗೆ ಇಷ್ಟು ಸುರಿದಿದ್ದೀವಿ, ನೀನು ವಾಪಸ್ ಕೊಡಬೇಕು’ ಅನ್ನೋ ಮಾತು ಈಗಿನಿಂದಲೇ ಶುರು ಆಗಿದೆಯಲ್ಲ, ಅದನ್ನ ನಿಲ್ಲಿಸು. ನಾಲ್ಕನೇ ಕ್ಲಾಸಿನ ಹುಡುಗಿ ಗಣಿತದಲ್ಲಿ ಎರಡು ಅಂಕ ಕಡಿಮೆ ಬಂದ್ರೆ ಅಪ್ಪನ ಸಾಲ ತೀರಲ್ಲ ಅಂತ ಅಳಬಾರದು. ಕಷ್ಟದ ಮನೇಲಿ ಮಗು ತನ್ನನ್ನ ಖರ್ಚು ಅಂದ್ಕೊಳ್ಳುತ್ತೆ, ಆಸೆಯ ಮನೇಲಿ ಬಂಡವಾಳ ಅಂದ್ಕೊಳ್ಳುತ್ತೆ. ಎರಡೂ ಕಡೆ ಅದರ ಹೆಸರು ಲೆಕ್ಕದ ಪುಸ್ತಕದಲ್ಲೇ. ಅಪ್ಪ, ಅಮ್ಮನಿಗೆ ನಾನು ಸುಮ್ಮನೆ ಬೇಕು ಅನ್ನೋ ನಂಬಿಕೆ ಹೋಗುತ್ತೆ. ಹೊಸ ಬಟ್ಟೆ ಇಲ್ಲದೆ, ಪ್ರವಾಸ ಇಲ್ಲದೆ ಮಗು ಬದುಕುತ್ತೆ. ಆ ನಂಬಿಕೆ ಇಲ್ಲದೆ ಸೊರಗುತ್ತೆ.

ತಮ್ಮ: ಹಾಗಾದ್ರೆ ಏನು ಮಾಡಲಿ ಹೇಳು. ಸಾಲ ಇಲ್ಲ ಅಂತ ಸುಳ್ಳು ಹೇಳಲಾ? ಅವಳಿಗೆ ಆಗಲೇ ಎಲ್ಲಾ ಗೊತ್ತು ಅಂತೀಯ.

ಅಕ್ಕ: ನಿಜ ಹೇಳು, ಅವಳ ವಯಸ್ಸಿಗೆ ತಕ್ಕಷ್ಟು. ‘ಕಬ್ಬಿನ ದುಡ್ಡು ತಡ ಆಗಿದೆ, ಅದಕ್ಕೆ ಅಪ್ಪನಿಗೆ ಬೇಜಾರು. ಇದು ನಿನ್ನಿಂದ ಆಗಿದ್ದಲ್ಲ. ಇದನ್ನ ತೀರಿಸೋದು ನಮ್ಮ ಕೆಲಸ, ನಿನ್ನದಲ್ಲ. ಊಟ, ಶಾಲೆ ಎರಡೂ ನಿಲ್ಲಲ್ಲ.’ ಇಷ್ಟೇ ಮಾತು. ಕೊಡೋಕೆ ಆಗದೆ ಇರೋದನ್ನ ‘ಈ ಸಲ ಆಗಲ್ಲ ಕಂದಾ’ ಅಂತ ನೇರವಾಗಿ ಹೇಳು. ರೇಗಿ ಹೇಳೋದಕ್ಕೂ ಹೀಗೆ ಹೇಳೋದಕ್ಕೂ ಬಹಳ ವ್ಯತ್ಯಾಸ ಇದೆ.

ತಮ್ಮ: ಆ ಸೈಟು?

ಅಕ್ಕ: ಅಡ್ವಾನ್ಸ್ ವಾಪಸ್ ಬರುತ್ತಾ ಕೇಳು, ಬಂದಷ್ಟು ತಂದು ನೂರಕ್ಕೆ ಮೂರರ ಸಾಲ ಮೊದಲು ತೀರಿಸು. ನಷ್ಟ ಆದ್ರೂ ಆಗಲಿ. ಮಗಳಿಗೆ ಏನಾದ್ರೂ ಕೂಡಿಡಬೇಕು ಅಂತಿದ್ರೆ ಅಂಚೆ ಕಚೇರಿಗೆ ಹೋಗು. 10 ವರ್ಷ ತುಂಬೋದ್ರೊಳಗೆ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬೇಕು, ಅವಳಿಗೆ ಈಗ ಒಂಬತ್ತು. ವರ್ಷಕ್ಕೆ 250 ರೂಪಾಯಿ ಕಟ್ಟಿದ್ರೂ ಖಾತೆ ನಡೆಯುತ್ತೆ. 18 ತುಂಬಿದ ಮೇಲೆ ಓದಿಗೆ ಅಂತ ಅರ್ಧದವರೆಗೆ ತೆಗೀಬಹುದು. ಸೈಟಿನಷ್ಟು ಮೆರೆಯೋಕೆ ಆಗಲ್ಲ, ಆದ್ರೆ ಆ ದುಡ್ಡಿಗೆ ಮನೇಲಿ ಯಾರೂ ಜಗಳ ಆಡಬೇಕಿಲ್ಲ.

ತಮ್ಮ: ಕಬ್ಬಿನ ಬಾಕಿ ಬರದೆ ಇದ್ರೆ ಇದೆಲ್ಲ ಬರೀ ಮಾತಾಗುತ್ತೆ ಅಕ್ಕ. ತಪ್ಪೆಲ್ಲ ನಮ್ಮ ತಲೆಗೇ ಕಟ್ಟಬೇಡ. ಬೆಳೆದವನಿಗೆ ಹೊತ್ತಿಗೆ ಸರಿಯಾಗಿ ದುಡ್ಡು ಸಿಕ್ಕಿದ್ರೆ ಅರ್ಧ ಮನೆಗಳಲ್ಲಿ ಮಕ್ಕಳು ನೆಮ್ಮದಿಯಾಗಿ ಮಲಗ್ತಾರೆ.

ಅಕ್ಕ: ಆ ಮಾತು ಸತ್ಯ. ಬಾಕಿ ಕೇಳೋ ಹೋರಾಟಕ್ಕೆ ಹೋಗು, ನಾನು ಬೇಡ ಅನ್ನಲ್ಲ. ರೈತನ ದುಡ್ಡು ಉಳಿಸ್ಕೊಂಡವರು ಅವನ ಮಕ್ಕಳ ನಿದ್ದೆಯನ್ನೂ ಕಸಿದಿದ್ದಾರೆ ಅಂತ ಅಲ್ಲಿ ಗಟ್ಟಿಯಾಗಿ ಹೇಳು. ಆದ್ರೆ ಸರ್ಕಾರ, ಕಾರ್ಖಾನೆ ಸರಿಹೋಗೋ ತನಕ ಮಗುವಿನ ಬಾಲ್ಯ ಕಾಯಲ್ಲ. ಅವರು ಮಾಡಬೇಕಾದ್ದು ಬೇರೆ, ಮನೆಯೊಳಗೆ ನಾವು ಮಾಡಬೇಕಾದ್ದು ಬೇರೆ. ನಮ್ಮ ಊರಲ್ಲೇ ಆಗಲಿ, ನೆಂಟರ ಮನೇಲೇ ಆಗಲಿ, ದುಡ್ಡಿಗಾಗಿ ಒಂದು ಮಗುವನ್ನ ಶಾಲೆ ಬಿಡಿಸಿದ್ದು, ಕೆಲಸಕ್ಕೆ ಹಚ್ಚಿದ್ದು, ಮದುವೆಗೆ ಹೊರಡಿಸಿದ್ದು ಕಂಡ್ರೆ 1098ಕ್ಕೆ ಫೋನ್ ಮಾಡಿ ತಿಳಿಸೋದು ಅಕ್ಕಪಕ್ಕದವರ ಕೆಲಸ. ಮನೆಯೊಳಗಿನ ಕೆಲಸಕ್ಕೆ ಯಾವ ಸಹಾಯವಾಣಿಯೂ ಇಲ್ಲ. ಸಾಲ ದೊಡ್ಡವರು ಮಾಡಿದ್ದು, ಆಸೆ ದೊಡ್ಡವರು ಪಟ್ಟದ್ದು, ಎರಡನ್ನೂ ದೊಡ್ಡವರೇ ಹೊರಬೇಕು. ಮಕ್ಕಳಿರೋ ಪ್ರತಿ ಮನೆಯವರೂ ಇಷ್ಟನ್ನ ಒಪ್ಪಿ ನಡೀಬೇಕು.